ವೈಯಕ್ತಿಕ ಆಹಾರ ಮತ್ತು ಸಾಮಾನುಗಳ ಆಮದು: ಕರಡು ನಿಯಮಗಳಿಗೆ ಅಭಿಪ್ರಾಯ ಬರೆಯುವುದು ಹೇಗೆ?

ಪ್ರಶ್ನೆ

ಪ್ರಯಾಣಿಕರು ಕೈಯಲ್ಲಿ ತರುವ, ಅಂಚೆಯಲ್ಲಿ ತರಿಸಿಕೊಳ್ಳುವ ಮತ್ತು ವಾಸ ಬದಲಿಸುವಾಗ ಹಡಗಿನಲ್ಲಿ ಸಾಗಿಸುವ ಸಾಮಾನುಗಳಿಗೆ ಸಂಬಂಧಿಸಿದ, ಹೊರಗಿನ ಕೀಟ, ರೋಗಗಳು ಒಳಬರದಂತೆ ತಡೆಯುವ ಜೈವಿಕ ಸುರಕ್ಷತಾ ನಿಯಮಗಳ ಕರಡೊಂದು ಸಾರ್ವಜನಿಕ ಅಭಿಪ್ರಾಯಕ್ಕೆ ಬಂದಿದೆ. ಕಾರ್ಖಾನೆಯಲ್ಲಿ ತಯಾರಾದ ಮೊಹರಿನ ಪೊಟ್ಟಣಗಳಿಗೆ ಅವಕಾಶವಿದೆ. ಜೇನುತುಪ್ಪ, ಬಿತ್ತನೆ ಬೀಜ, ಒಣಮಾಂಸಗಳಿಗೆ ಎಷ್ಟೇ ಕಡಿಮೆಯಿದ್ದರೂ ಅವಕಾಶವಿಲ್ಲ. ಬಳಸಿದ ಡೇರೆ, ಬೂಟು, ಸೈಕಲ್ಲುಗಳು “ಸ್ವಚ್ಛವಾಗಿರಬೇಕು” ಎಂದಷ್ಟೇ ಬರೆದಿದ್ದಾರೆ. ಸ್ವಂತಕ್ಕೆ ತರುವ ಒಂದು ಬಾಟಲಿ ಜೇನುತುಪ್ಪವನ್ನೂ ವ್ಯಾಪಾರಿಯ ಹತ್ತು ಟನ್ನಿನಂತೆ ನೋಡುವುದು ನನಗೆ ಅತಿಯೆನಿಸುತ್ತದೆ. ನಾನು ವಿಜ್ಞಾನಿಯೂ ಅಲ್ಲ, ಆಮದುದಾರನೂ ಅಲ್ಲ. ನನ್ನಂಥವರು ಬರೆದದ್ದಕ್ಕೆ ಬೆಲೆಯಿದೆಯೇ? ಇದ್ದರೆ ಏನನ್ನು ಬರೆಯಬೇಕು?

ಉತ್ತರ 1

ಮೊದಲು ಬಾಟಲಿಯ ವಿಷಯವನ್ನೇ ಇತ್ಯರ್ಥ ಮಾಡಿಕೊಳ್ಳೋಣ, ಏಕೆಂದರೆ “ಸ್ವಲ್ಪವೇ ತಾನೇ” ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅಮೆರಿಕನ್ ಫೌಲ್‌ಬ್ರೂಡ್ ಎಂಬುದು ಜೇನುಮರಿಗಳನ್ನು ಕೊಲ್ಲುವ ರೋಗ. ಅದನ್ನು ತರುವ ಬ್ಯಾಕ್ಟೀರಿಯಾದ ಬೀಜಕಣಗಳು ದಶಕಗಳ ಕಾಲ ಬದುಕಿರಬಲ್ಲವು, ಜೇನುತುಪ್ಪದಲ್ಲಿಯೂ ಇರಬಲ್ಲವು. ಮನುಷ್ಯರಿಗೆ ಅವು ಏನೂ ಮಾಡದ ಕಾರಣ ತಿಂದವರಿಗೆ ಗೊತ್ತೇ ಆಗುವುದಿಲ್ಲ. ಬಾಟಲಿಯ ತಳಕ್ಕೆ ಅಂಟಿದ ಒಂದು ಚಮಚದಷ್ಟು ಜೇನುತುಪ್ಪವನ್ನು ತೊಳೆಯದೆ ಹಿತ್ತಲ ಕಸದ ಬುಟ್ಟಿಗೆ ಹಾಕಿದರೆ, ವಾಸನೆ ಹಿಡಿದು ಬಂದ ಜೇನುಹುಳುಗಳು ಅದನ್ನು ಹೀರಿ ಗೂಡಿಗೆ ಒಯ್ಯುತ್ತವೆ. ಅಲ್ಲಿಂದ ಮುಂದೆ ಬಾಟಲಿ ಒಂದೇ ಆಗಿತ್ತು ಎಂಬುದಕ್ಕೆ ಅರ್ಥವಿಲ್ಲ.

ಮಾಂಸದ ಕಥೆಯೂ ಇಂಥದ್ದೇ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹಬ್ಬಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಸರಿಯಾಗಿ ಕುದಿಸದೆ ಹಂದಿಗಳಿಗೆ ಹಾಕಿದ ಮುಸುರೆಯಲ್ಲಿ ಹೊರದೇಶದ ಸೋಂಕಿನ ಮಾಂಸ ಸೇರಿದ್ದಿರಬೇಕೆಂಬುದೇ ಅದರ ಮೂಲದ ಬಗ್ಗೆ ಅತ್ಯಂತ ಸಂಭವನೀಯವೆಂದು ಪರಿಗಣಿತವಾದ ವಿವರಣೆ.

ಉತ್ತರ 2

ಮೇಲಿನ ಮಾತು ಸರಿ; ಆದರೆ ಅದರಿಂದ ಎಲ್ಲ ದೇಶಗಳೂ ಎಲ್ಲವನ್ನೂ ನಿಷೇಧಿಸಬೇಕೆಂದಾಗುವುದಿಲ್ಲ. ಇತರ ದೇಶಗಳಿಂದ ಬರುವ ಪ್ರಯಾಣಿಕರಿಗೆ ಐರೋಪ್ಯ ಒಕ್ಕೂಟವು ಮಾಂಸ, ಹಾಲಿನ ಪದಾರ್ಥಗಳನ್ನು ಸಾಮಾನ್ಯವಾಗಿ ಬಿಡದಿದ್ದರೂ ಜೇನುತುಪ್ಪವನ್ನು ತಲಾ 2 ಕಿಲೋವರೆಗೆ ಬಿಡುತ್ತದೆ. 2019ರ ಡಿಸೆಂಬರ್‌ನಿಂದ ಅಲ್ಲಿಗೆ ತರುವ ತಾಜಾ ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾದರೂ ಅನಾನಸ್, ಬಾಳೆ, ತೆಂಗು, ಖರ್ಜೂರ, ಡ್ಯೂರಿಯನ್ ಎಂಬ ಐದಕ್ಕೆ ವಿನಾಯಿತಿಯಿದೆ. ಅಂದರೆ ಪ್ರಶ್ನೆ ಎಷ್ಟು ತರುತ್ತೀರಿ ಎಂಬುದಷ್ಟೇ ಅಲ್ಲ. ತಂದ ವಸ್ತು ಯಾವ ಕೀಟ, ಯಾವ ರೋಗವನ್ನು ಹೊತ್ತು ಬರಬಹುದು, ಆ ಕೀಟ ಅಥವಾ ರೋಗ ಇಳಿದಲ್ಲಿ ನೆಲೆಯೂರಬಲ್ಲದೇ ಎಂಬುದು.

1995ರಿಂದ ಜಾರಿಯಲ್ಲಿರುವ, ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ (ಆಹಾರ ಸುರಕ್ಷತೆ, ಪ್ರಾಣಿ ಮತ್ತು ಸಸ್ಯ ಆರೋಗ್ಯದ) ಒಪ್ಪಂದವು ಇಂಥ ಕ್ರಮಗಳಿಗೆ ವೈಜ್ಞಾನಿಕ ಆಧಾರವಿರಬೇಕು, ಅವು ಅಗತ್ಯಕ್ಕಿಂತ ಹೆಚ್ಚು ವ್ಯಾಪಾರವನ್ನು ಕಟ್ಟಿಹಾಕಬಾರದು ಎನ್ನುತ್ತದೆ. ಅದು ಸರ್ಕಾರಗಳ ನಡುವಿನ ಒಪ್ಪಂದ, ನಿಮಗೆ ನೇರ ಹಕ್ಕು ಕೊಡುವಂಥದ್ದಲ್ಲ. ಆದರೂ ಕರಡು ಸಿದ್ಧಪಡಿಸುವವರು ಅದೇ ಭಾಷೆಯಲ್ಲಿ ಯೋಚಿಸುತ್ತಾರೆ. ಆದ್ದರಿಂದ ಷರತ್ತಿನ ಸಂಖ್ಯೆ ಹೇಳಿ, ವಸ್ತುವನ್ನು ಹೆಸರಿಸಿ, ಅಪಾಯ ಎಲ್ಲಿ ಕಳೆಯುತ್ತದೆಂದು ತೋರಿಸಿ, ಬದಲಿ ವಾಕ್ಯವನ್ನು ನೀವೇ ಬರೆದುಕೊಡಿ. “ಇದು ಅನ್ಯಾಯ” ಎಂದು ನೂರು ಜನ ನಕಲು ಮಾಡಿ ಕಳುಹಿಸಿದ ಪತ್ರಕ್ಕಿಂತ ಇಂಥ ಒಂದು ಪುಟಕ್ಕೆ ತೂಕ ಹೆಚ್ಚು. ನಿಮ್ಮ ಪತ್ರ ಪ್ರಕಟವಾಗುವ ಸಾಧ್ಯತೆಯಿದೆ. ವಿಳಾಸ, ದೂರವಾಣಿಗಳನ್ನು ಗೌಪ್ಯವಾಗಿಡುವಂತೆ ಅದರಲ್ಲೇ ಕೇಳಿಕೊಳ್ಳಿ.

ಉತ್ತರ 3

ನನ್ನ ದೃಷ್ಟಿಯಲ್ಲಿ ನೀವು ಬರೆಯಬೇಕಾದದ್ದು ಜೇನಿನ ಬಗ್ಗೆ ಅಲ್ಲ, “ಸ್ವಚ್ಛ” ಎಂಬ ಆ ಒಂದು ಪದದ ಬಗ್ಗೆ. ಬೂಟಿನ ಮೇಲ್ಭಾಗ ಫಳಫಳ ಹೊಳೆಯುತ್ತಿದ್ದರೂ ಅಟ್ಟೆಯ ಗೀರುಗಳಲ್ಲಿ ಒಣಗಿದ ಮಣ್ಣು, ಅದರೊಳಗೆ ಹುಲ್ಲಿನ ಬೀಜ ಕೂತಿರುತ್ತದೆ. ಡೇರೆಯ ಗೂಟಗಳು, ಸೈಕಲ್ಲಿನ ಮಡ್‌ಗಾರ್ಡಿನ ಒಳಮೈ, ಧೂಳು ಹೀರುವ ಯಂತ್ರದ ಚೀಲ ಇವನ್ನೆಲ್ಲ ಯಾರೂ ನೆನಪಿಸಿಕೊಳ್ಳುವುದಿಲ್ಲ. ಕೂಡಿಟ್ಟ ಧಾನ್ಯವನ್ನು ತಿನ್ನುವ ಖಪ್ರಾ ಜೀರುಂಡೆಯ ಮರಿಹುಳುಗಳಂತೂ ಸಂದುಗೊಂದುಗಳಲ್ಲಿ ಆಹಾರವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲವು.

ಪ್ರಶ್ನೆ ಕೇಳಿದವರ ಮರುಮಾತು

ಜೇನಿನ ಆಕ್ಷೇಪವನ್ನು ಕೈಬಿಟ್ಟಿದ್ದೇನೆ, ಸ್ವಲ್ಪ ಮನಸ್ಸಿಲ್ಲದೆಯೇ. ಈಗಿನ ನನ್ನ ಕರಡು ಹೀಗಿದೆ: “ಸ್ವಚ್ಛವಾಗಿರಬೇಕು ಎಂಬುದರ ಬದಲು, ಕಣ್ಣಿಗೆ ಕಾಣುವ ಮಣ್ಣು, ಬೀಜ, ಸಸ್ಯದ ಚೂರು, ಕೀಟ ಮತ್ತು ಸಗಣಿಯಿಂದ ಮುಕ್ತವಾಗಿರಬೇಕು ಎಂದು ಬರೆಯಬೇಕು, ಮಣ್ಣು ಕಂಡುಬಂದಲ್ಲಿ ವಸ್ತುವನ್ನು ನಾಶಮಾಡುವ ಮೊದಲು ಮಾಲೀಕರ ಖರ್ಚಿನಲ್ಲಿ ತೊಳೆಸುವ ಅವಕಾಶವಿರಬೇಕು.” ಮರದ ಪೀಠೋಪಕರಣಗಳಿಗೂ ಐಎಸ್‌ಪಿಎಂ 15 ಎಂಬ ಅಂತಾರಾಷ್ಟ್ರೀಯ ಮಾನದಂಡದ ಮುದ್ರೆ ಸಾಕೆಂದು ಸೇರಿಸಲೇ?

ಉತ್ತರ 2 ಬರೆದವರು

ಬೇಡ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಇರುವಂತೆ ಬಿಸಿ ಮಾಡುವ ವಿಧಾನವನ್ನೂ ಒಳಗೊಂಡ ಆ ಮಾನದಂಡವು ಪೆಟ್ಟಿಗೆ, ಪ್ಯಾಲೆಟ್‌ಗಳಂಥ ಪ್ಯಾಕಿಂಗ್ ಮರಕ್ಕೆ ಮಾತ್ರ ಸಂಬಂಧಿಸಿದ್ದು. ಕುರ್ಚಿ ಮೇಜುಗಳ ಮೇಲೆ ಆ ಮುದ್ರೆ ಇರುವುದಿಲ್ಲ. ಅದರ ಬದಲು ಕೊರೆಹುಳು ಬಿದ್ದ ತೂತು, ಅದರ ಕೆಳಗೆ ಉದುರಿದ ಹಿಟ್ಟಿನಂಥ ಪುಡಿ ಇವನ್ನು ಪರೀಕ್ಷೆಯ ಗುರುತುಗಳೆಂದು ಹೆಸರಿಸಿ. “ತೊಳೆಸುವ” ಎಂಬಲ್ಲಿ “ತೊಳೆಸುವ ಅಥವಾ ವಾಪಸು ಕಳುಹಿಸುವ” ಎಂದು ತಿದ್ದಿದರೆ ಆ ವಾಕ್ಯ ಹಾಗೆಯೇ ಕಳುಹಿಸುವಂತಿದೆ.