ಡಿಜಿಟಲ್ ವೃತ್ತಿ ಕೋರ್ಸ್ ಮಾಡಿದವರಿಗೆ ಡೇಟಾ ಎಂಟ್ರಿ ಬಿಟ್ಟು ಬೇರೆ ಕೆಲಸ ಇಲ್ವಾ?

ಪ್ರಶ್ನೆ: ಮೇಡಂ, ನನ್ನ ಎರಡು ವರ್ಷದ ಡಿಜಿಟಲ್ ವೃತ್ತಿ ಕೋರ್ಸ್ ಮುಗಿಯುತ್ತಾ ಬಂತು. ಹಾರ್ಡ್‌ವೇರ್, ನೆಟ್‌ವರ್ಕ್, ಸ್ವಲ್ಪ ವೆಬ್, ಸ್ವಲ್ಪ ಡೇಟಾಬೇಸ್ ಎಲ್ಲಾ ಇತ್ತು. ಇಂಜಿನಿಯರಿಂಗ್ ಪದವಿ ಇಲ್ಲದಿದ್ದರೆ ಡೇಟಾ ಎಂಟ್ರಿ ಬಿಟ್ಟು ಏನೂ ಸಿಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನೀವು ನೆಟ್‌ವರ್ಕ್ ತಂಡ ನಡೆಸುವವರು, ನೇರವಾಗಿ ಹೇಳಿ, ಇದು ನಿಜವಾ?

ಉತ್ತರ: ನಿಜ ಅಲ್ಲ. ಹೀಗೆ ಹೇಳುವವರು ಈ ಕ್ಷೇತ್ರದಲ್ಲಿ ಕೋಡ್ ಬರೆಯುವುದೊಂದೇ ಕೆಲಸ ಅಂದುಕೊಂಡಿರುತ್ತಾರೆ. ಆ ಕೋಡ್ ಓಡುವುದಕ್ಕೆ ಸರ್ವರ್ ಬೇಕು, ಸರ್ವರ್‌ಗೆ ನೆಟ್‌ವರ್ಕ್ ಬೇಕು, ಬಿಡುಗಡೆಗೆ ಮೊದಲು ಯಾರಾದರೂ ಟೆಸ್ಟ್ ಮಾಡಬೇಕು, ಮಧ್ಯರಾತ್ರಿ ಕೆಟ್ಟರೆ ಯಾರಾದರೂ ಎದ್ದು ನೋಡಬೇಕು. ಐಟಿ ಸಪೋರ್ಟ್, ನೆಟ್‌ವರ್ಕ್ ಟೆಕ್ನಿಷಿಯನ್, ಟೆಸ್ಟಿಂಗ್, ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು, ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಬರೆದು ರಿಪೋರ್ಟ್ ತೆಗೆಯುವುದು, ಇವೆಲ್ಲಾ ನೀವು ಓದಿದ್ದಕ್ಕೆ ಹತ್ತಿರದವೇ. ಹಾಗಂತ ಎಲ್ಲಾ ಕಡೆ ಹೋಗಬಹುದು ಅಂತ ಸುಳ್ಳು ಹೇಳುವುದಿಲ್ಲ. ಚಿಪ್ ವಿನ್ಯಾಸ, ಮಷಿನ್ ಲರ್ನಿಂಗ್ ಸಂಶೋಧನೆ ಇಂಥದಕ್ಕೆ ಗಟ್ಟಿ ಗಣಿತ ಬೇಕು, ಸಾಮಾನ್ಯವಾಗಿ ಪದವಿಯನ್ನೂ ಕೇಳುತ್ತಾರೆ. ಕೆಲವು ಕಂಪನಿಗಳು ಪದವಿ ಇಲ್ಲದ ಅರ್ಜಿಯನ್ನು ಓದದೇ ಪಕ್ಕಕ್ಕಿಡುತ್ತವೆ. ಅದು ತಪ್ಪು ಅಂತಲೇ ನಾನು ಹೇಳುವುದು. ಆದರೆ ಎಲ್ಲರೂ ಹಾಗಿಲ್ಲ.

ನನ್ನನ್ನು ಕೇಳಿದರೆ ಸಪೋರ್ಟ್‌ನಿಂದ ಶುರು ಮಾಡಿ.

ಪ್ರಶ್ನೆ: ಸಪೋರ್ಟ್ ಅಂದರೆ ಫೋನ್ ಎತ್ತಿ ‘ರೀಸ್ಟಾರ್ಟ್ ಮಾಡಿ’ ಅನ್ನುವುದಷ್ಟೇ ಅಲ್ವಾ? ಅಲ್ಲೇ ಸಿಕ್ಕಿಹಾಕಿಕೊಂಡರೆ ಏನು ಗತಿ?

ಉತ್ತರ: ಅದು ನೀವು ಹೇಗೆ ಮಾಡುತ್ತೀರಿ ಅನ್ನುವುದರ ಮೇಲಿದೆ. ‘ಇಂಟರ್ನೆಟ್ ಬರುತ್ತಿಲ್ಲ’ ಅಂತ ಒಂದು ಕರೆ ಬಂತು ಅಂದುಕೊಳ್ಳಿ. ಮೊದಲು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ಗುರುತಿನ ಸಂಖ್ಯೆ ನೋಡಿ. 169.254 ಅಂತ ಶುರುವಾಗಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ವಿಳಾಸವೇ ಸಿಕ್ಕಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ. ಆಗ ಕೇಬಲ್, ಸ್ವಿಚ್ ಪೋರ್ಟ್ (ಕಂಪ್ಯೂಟರ್‌ಗಳನ್ನು ಜೋಡಿಸುವ ಪೆಟ್ಟಿಗೆಯಲ್ಲಿ ಕೇಬಲ್ ಸಿಗಿಸುವ ಜಾಗ), ಡಿಎಚ್‌ಸಿಪಿ ಕಡೆ ಹುಡುಕಬೇಕು. ವಿಳಾಸ ಸರಿ ಇದ್ದರೆ ಗೇಟ್‌ವೇಗೆ, ಅಂದರೆ ಹೊರಗಿನ ಇಂಟರ್ನೆಟ್‌ಗೆ ದಾರಿ ಕೊಡುವ ರೌಟರ್‌ಗೆ, ಪಿಂಗ್ ಮಾಡಿ (ಉತ್ತರ ಬರುತ್ತದಾ ಅಂತ ಒಂದು ಸಣ್ಣ ಸಂದೇಶ ಕಳಿಸಿ ನೋಡುವುದು), ಆಮೇಲೆ ಗೂಗಲ್‌ನ 8.8.8.8 ಸರ್ವರ್‌ಗೆ. ಅಲ್ಲಿಂದ ಉತ್ತರ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ, ಅಂದರೆ ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ ಕೈಕೊಟ್ಟಿರಬಹುದು. ಇಷ್ಟು ನೋಡಲು ಐದು ನಿಮಿಷ ಸಾಕು.

ಇನ್ನು ಟಿಕೆಟ್, ಅಂದರೆ ಪ್ರತಿ ದೂರಿಗೂ ಬರೆದಿಡುವ ದಾಖಲೆಯ ವಿಷಯ, ಇದಕ್ಕೆ ಜಾಸ್ತಿ ಗಮನ ಕೊಡಿ. ಸುಮ್ನೆ ‘ಸಮಸ್ಯೆ ಬಗೆಹರಿದಿದೆ’ ಅಂತ ಬರೆದು ಮುಚ್ಚಬೇಡಿ. ‘ಐಪಿ 169.254ರಲ್ಲಿತ್ತು, ಲಿಂಕ್ ದೀಪ ಉರಿಯುತ್ತಿತ್ತು, ಕೇಬಲ್ ಬದಲಿಸಿದರೂ ಅದೇ ಕಥೆ, ಅದೇ ಸ್ವಿಚ್‌ನ ಪಕ್ಕದ ಪೋರ್ಟ್‌ಗೆ ಹಾಕಿದಾಗ ವಿಳಾಸ ಬಂತು, ಹಳೆ ಪೋರ್ಟ್‌ನ ವಿಲ್ಯಾನ್ ಸೆಟ್ಟಿಂಗ್ ನೋಡಬೇಕು’ ಅಂತ ಬರೆಯಿರಿ. ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನ ಪೋರ್ಟ್‌ಗಳನ್ನು ಬೇರೆ ಬೇರೆ ನೆಟ್‌ವರ್ಕ್‌ಗಳಾಗಿ ವಿಂಗಡಿಸುವುದು. ಮೇಲಿನ ಹಂತದ ತಂಡದವರು ನಿಮ್ಮನ್ನು ನೋಡಿರುವುದಿಲ್ಲ, ನಿಮ್ಮ ಟಿಕೆಟ್ ಓದಿರುತ್ತಾರೆ. ನಾನು ಸಪೋರ್ಟ್‌ನಿಂದ ನಮ್ಮ ತಂಡಕ್ಕೆ ಕರೆದುಕೊಂಡವರೆಲ್ಲಾ ಹೀಗೆ ಬರೆಯುತ್ತಿದ್ದವರೇ. ಒಂದು ವರ್ಷ ಕಳೆದ ಮೇಲೂ ಬರೀ ಪಾಸ್‌ವರ್ಡ್ ರಿಸೆಟ್ ಮಾಡಿಸುತ್ತಾ, ಬೇರೇನನ್ನೂ ಮುಟ್ಟಲು ಬಿಡದಿದ್ದರೆ ಯೋಚಿಸಬೇಡಿ, ಬೇರೆ ಕಡೆ ನೋಡಿ.

ಇನ್ನೊಬ್ಬರ ಪ್ರಶ್ನೆ: ನಾನೂ ಇದೇ ಕೋರ್ಸ್ ಮೇಡಂ. ನನಗೆ ನೇರ ಸೈಬರ್ ಸೆಕ್ಯುರಿಟಿಗೆ ಹೋಗಬೇಕು. ಯಾವ ಸರ್ಟಿಫಿಕೇಟ್ ಮಾಡಲಿ?

ಉತ್ತರ: ನೇರ ಹೋಗುವವರು ಇದ್ದಾರೆ, ಕಡಿಮೆ. ಅಲ್ಲಿ ಹೊಸಬರಿಗೆ ಸಿಗುವುದು ಹೆಚ್ಚಾಗಿ ಲಾಗ್, ಅಂದರೆ ಸರ್ವರ್‌ಗಳು ತಾವೇ ಬರೆದಿಡುವ ದಾಖಲೆ ನೋಡುವ ಕೆಲಸ. ಒಂದು ಖಾತೆಗೆ ರಾತ್ರಿಯಿಡೀ ಲಾಗಿನ್ ವಿಫಲವಾಗುತ್ತಿದೆ ಅನ್ನಿ. ಯಾರೋ ಪಾಸ್‌ವರ್ಡ್ ಊಹಿಸುತ್ತಿರಬಹುದು. ಅಥವಾ ಪಾಸ್‌ವರ್ಡ್ ಬದಲಾದದ್ದು ಗೊತ್ತಿಲ್ಲದ ಯಾವುದೋ ಬ್ಯಾಕಪ್ ಸ್ಕ್ರಿಪ್ಟ್ ಹಳೆಯದನ್ನೇ ಹಾಕಿ ಹಾಕಿ ನೋಡುತ್ತಿರಬಹುದು. ಯಾವುದು ಅಂತ ಹೇಳಲು ಸರ್ವರ್ ದಿನವೂ ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು. ಸಪೋರ್ಟ್ ಅಥವಾ ನೆಟ್‌ವರ್ಕ್‌ನಲ್ಲಿ ಇದ್ದು ಬಂದವರಿಗೆ ಅದು ಬೇಗ ಹೊಳೆಯುತ್ತದೆ.

ಸರ್ಟಿಫಿಕೇಟ್‌ಗಳಲ್ಲಿ ಕಾಂಪ್‌ಟಿಯಾದ ಎ ಪ್ಲಸ್ ಸಪೋರ್ಟ್ ಕೆಲಸಕ್ಕೆ ಸರಿಹೊಂದುತ್ತದೆ, ಅದಕ್ಕೆ ಎರಡು ಪರೀಕ್ಷೆ. ನೆಟ್‌ವರ್ಕ್‌ಗೆ ಸಿಸ್ಕೊದ ಸಿಸಿಎನ್‌ಎ, 2020ರಿಂದ ಒಂದೇ ಪರೀಕ್ಷೆ. ಎರಡೂ 3 ವರ್ಷ ಮಾತ್ರ ಚಾಲ್ತಿಯಲ್ಲಿರುತ್ತವೆ, ಆಮೇಲೆ ನವೀಕರಿಸಬೇಕು. ಅದಕ್ಕೇ ಒಟ್ಟಿಗೆ ನಾಲ್ಕೈದು ಮಾಡಿಟ್ಟುಕೊಳ್ಳಬೇಡಿ. ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಬೇಕಾದ ಒಂದನ್ನು ಮಾಡಿ.

ಪ್ರಶ್ನೆ: ಎಐ ಬಂದ ಮೇಲೆ ಸಪೋರ್ಟ್ ಕೆಲಸ ಉಳಿಯುತ್ತಾ?

ಉತ್ತರ: ಪಾಸ್‌ವರ್ಡ್ ರಿಸೆಟ್‌ನಂಥದ್ದು ಈಗಾಗಲೇ ತಾನಾಗಿ ನಡೆಯುತ್ತಿದೆ, ಅಂಥದ್ದನ್ನೇ ನಂಬಿಕೊಂಡು ಕೂರಬೇಡಿ. ಮೇಲೆ ಹೇಳಿದ ಪೋರ್ಟ್ ಸಮಸ್ಯೆಗೆ ಯಾರಾದರೂ ಸ್ವಿಚ್ ಹತ್ತಿರ ಹೋಗಿ ಕೇಬಲ್ ಕೀಳಲೇಬೇಕಲ್ವಾ?

ಪ್ರಶ್ನೆ: ಕೊನೆಯದು ಮೇಡಂ. ಸಂದರ್ಶನದಲ್ಲಿ ಅನುಭವ ಕೇಳಿದರೆ ಏನು ತೋರಿಸಲಿ?

ಉತ್ತರ: ಒಂದೇ ಕಂಪ್ಯೂಟರ್ ಒಳಗೆ ಬೇರೆ ಕಂಪ್ಯೂಟರ್‌ಗಳನ್ನು ನಡೆಸುವ ವರ್ಚುವಲ್‌ಬಾಕ್ಸ್ ಉಚಿತ, ಅದರಲ್ಲಿ ಎರಡು ಲಿನಕ್ಸ್ ಯಂತ್ರ ಮಾಡಿ. ಇಂಟರ್ನಲ್ ನೆಟ್‌ವರ್ಕ್‌ನಲ್ಲಿ ಜೋಡಿಸಿ. ಒಂದರಲ್ಲಿ ಡಿಎಚ್‌ಸಿಪಿ ಮತ್ತು ಡಿಎನ್‌ಎಸ್ ನಡೆಸಿ, ಇನ್ನೊಂದು ಅದರಿಂದಲೇ ವಿಳಾಸ ಪಡೆಯಬೇಕು. ನಡೆದ ಮೇಲೆ ನೀವೇ ಕೆಡಿಸಿ. ಡಿಎಚ್‌ಸಿಪಿ ನಿಲ್ಲಿಸಿ, ಡಿಎನ್‌ಎಸ್‌ನಲ್ಲಿ ತಪ್ಪು ವಿಳಾಸ ಹಾಕಿ, ಆ ಕಡೆ ಏನು ಕಾಣಿಸಿತು, ಹೇಗೆ ಸರಿ ಮಾಡಿದಿರಿ ಅಂತ ಟಿಕೆಟ್ ಥರಾ ಬರೆದು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಹಾಕಿ. ಸಂದರ್ಶನಕ್ಕೆ ಬಂದವರು ಇಂಥದ್ದೊಂದು ತೋರಿಸಿದರೆ ನನ್ನ ಅರ್ಧ ಪ್ರಶ್ನೆಗಳು ಅದರ ಮೇಲೇ ಇರುತ್ತವೆ. ಈಗ ಪರೀಕ್ಷೆ ಮುಗಿಸಿಕೊಳ್ಳಿ, ಆಮೇಲೆ ಶುರು ಮಾಡಿ. ಎಲ್ಲಾದರೂ ನಿಂತರೆ ಎರರ್ ಸಂದೇಶ ಪೂರ್ತಿ ಕಾಪಿ ಮಾಡಿ ಇಲ್ಲೇ ಹಾಕಿ, ಪರದೆಯ ಫೋಟೋ ಬೇಡ, ಓದಲು ಆಗುವುದಿಲ್ಲ.