ಮೊದಲು ತೂಕ ಇಳಿಸಬೇಕಾ, ಮೊದಲು ಡಂಬೆಲ್ ಎತ್ತಬೇಕಾ? ನಮ್ಮ ಗ್ರೂಪ್‌ನಲ್ಲಿ ಫಿಸಿಯೋ ಮೇಡಂ ಜೊತೆ ಪ್ರಶ್ನೋತ್ತರ

ಮುಲುಂಡ್ ಸದಸ್ಯ: ಮೇಡಂ, ನನಗೆ 34 ವರ್ಷ, 92 ಕೆಜಿ. ಈಗಲೇ ಜಿಮ್‌ಗೆ ಹೋದರೆ ಕೊಬ್ಬೆಲ್ಲ ಹಾಗೇ ಗಟ್ಟಿಯಾಗಿ ಕೂತುಬಿಡುತ್ತೆ, ಮೊದಲು ಓಡಿ 15 ಕೆಜಿ ಇಳಿಸು ಅಂತಾರೆ ಆಫೀಸಿನಲ್ಲಿ. ನಿಜವಾ?

ಫಿಸಿಯೋ: ಇಲ್ಲ. ಕೊಬ್ಬು ಗಟ್ಟಿಯಾಗುವುದೂ ಇಲ್ಲ, ಸ್ನಾಯುವಾಗಿ ಬದಲಾಗುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಶುರು ಮಾಡಿ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ, ಹೋಗುವ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಅದರಲ್ಲಿ ಸ್ನಾಯುವೂ ಸೇರಿರುತ್ತದೆ. ಅದನ್ನು ಉಳಿಸಿಕೊಳ್ಳಲಿಕ್ಕೇ ಭಾರ ಎತ್ತುವುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅಷ್ಟೇ: ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಚುರುಕಾಗಿ ನಡೆಯುವಂಥದ್ದು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಓಟ ಸದ್ಯಕ್ಕೆ ಬೇಡ, ನಡೆಯಿರಿ.

ವಾಶಿ ಸದಸ್ಯೆ: ಹೆಂಗಸರು ಭಾರ ಎತ್ತಿದರೆ ಗಂಡಸರ ಥರ ತೋಳು ಬರುತ್ತೆ ಅಲ್ವಾ ಮೇಡಂ? ನಾನು ಮೊದಲು ಸಣ್ಣ ಆಗಿ ಆಮೇಲೆ ಶುರು ಮಾಡೋಣ ಅಂತಿದ್ದೇನೆ.

ಫಿಸಿಯೋ: ಬರುವುದಿಲ್ಲ. ಕಾಯಬೇಡಿ.

ಡೊಂಬಿವಲಿ ಸದಸ್ಯೆ: ಮೇಡಂ, ಅಪ್ಪನಿಗೆ 61. ಶುಗರ್, ಬಿಪಿ ಎರಡೂ ಇದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಮೂರು ತಿಂಗಳಿಂದ ರಾತ್ರಿ ಊಟ ಬಿಟ್ಟು ಬರೀ ಜೀರಿಗೆ ನೀರು ಕುಡಿದು 11 ಕೆಜಿ ಇಳಿದಿದ್ದಾರೆ. ಮನೆಗೆ ಬಂದವರೆಲ್ಲ ಹೊಗಳುತ್ತಾರೆ. ಆದರೆ ನೆಲದಲ್ಲಿ ಕೂತರೆ ಕೈ ಹಿಡಿದು ಎಬ್ಬಿಸಬೇಕು. ಸ್ಟೇಷನ್ ಬ್ರಿಜ್ ಹತ್ತುವಾಗ ಎದೆ ಬಿಗಿಯುತ್ತೆ ಅಂತ ಅರ್ಧದಲ್ಲಿ ನಿಲ್ಲುತ್ತಾರೆ. ಬೆಳಗಿನ ಜಾವ ಬೆವರಿ ಎದ್ದು ಕೂರುತ್ತಾರೆ. ತೂಕ ಹೇಗೂ ಇಳಿಯಿತಲ್ಲ, ಈಗ ಜಿಮ್‌ಗೆ ಕಳಿಸಬಹುದಾ?

ಫಿಸಿಯೋ: ಸದ್ಯಕ್ಕೆ ಜಿಮ್ ಬೇಡಮ್ಮ. ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ನಾಳೆ ನಾಡಿದ್ದು ಅನ್ನಬೇಡಿ.

ಹತ್ತುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುತ್ತದೆ ಅಂದರೆ ಹೃದಯಕ್ಕೆ ರಕ್ತ ಸಾಲುತ್ತಿಲ್ಲದಿರಬಹುದು. ಮಲಗಿಸಿ ತೆಗೆದ ಇಸಿಜಿ ಸರಿ ಬಂದರೂ ಅಷ್ಟಕ್ಕೇ ಬಿಡಬೇಡಿ, ಮೆಟ್ಟಿಲಿನ ವಿಷಯ ಡಾಕ್ಟರ್‌ಗೆ ಬಿಡಿಸಿ ಹೇಳಿ. ಸುಮ್ನೆ ಕೂತಾಗಲೂ ಬಿಗಿತ ಬಂದರೆ, ಅಥವಾ ಬಂದದ್ದು ಹೋಗದಿದ್ದರೆ, 108ಕ್ಕೆ ಫೋನ್ ಮಾಡಿ.

ಜಾವದ ಬೆವರು ಶುಗರ್ ಇಳಿದದ್ದಕ್ಕೆ ಇರಬಹುದು ಅಂತ ನನಗೆ ಅನುಮಾನ. ಗ್ಲಿಮೆಪಿರೈಡ್ ಶುಗರ್ ಇಳಿಸುವ ಮಾತ್ರೆ, ಅದರ ಕೆಲಸ ಉಂಡರೂ ನಡೆಯುತ್ತದೆ, ಉಣ್ಣದಿದ್ದರೂ ನಡೆಯುತ್ತದೆ. ರಾತ್ರಿ ಹೊಟ್ಟೆ ಖಾಲಿ ಇದ್ದರೆ ಶುಗರ್ ಕುಸಿಯುತ್ತದೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಆ ಹೊತ್ತಿಗೇ ನೋಡಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಆದರೆ ಊಟ ಬಿಟ್ಟ ಸಂಗತಿ ಡಾಕ್ಟರ್‌ಗೆ ಮುಚ್ಚಿಡಬೇಡಿ. ಇವತ್ತು ರಾತ್ರಿಯಿಂದಲೇ ಊಟ ಮಾಡಿಸಿ.

ಎದ್ದೇಳಲು ಆಗದಿರುವುದಕ್ಕೆ ತೊಡೆಯ ಸ್ನಾಯು ಕರಗಿದ್ದು ಕಾರಣ ಇರಬಹುದು. ಮೊದಲು ತೂಕ, ಆಮೇಲೆ ಶಕ್ತಿ ಅಂತ ಕಾಯುವವರಲ್ಲಿ ನಾನು ನೋಡುವುದೇ ಇದನ್ನು, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಡಾಕ್ಟರ್ ಸರಿ ಅಂದ ಮೇಲೆ ಊಟದ ಕುರ್ಚಿಯಿಂದ ಶುರು ಮಾಡೋಣ: ಕೈ ಊರದೆ ಏಳುವುದು, ನಿಧಾನಕ್ಕೆ ಕೂರುವುದು, ಎಂಟು ಹತ್ತು ಸಲ. ಆಗದಿದ್ದರೆ ಕುರ್ಚಿ ಮೇಲೆ ದಿಂಬು ಇಡಿ. ಏಳುವಾಗ ಉಸಿರು ಬಿಡಬೇಕು, ಕಟ್ಟಿದರೆ ಬಿಪಿ ಏರುತ್ತದೆ. ಕಣ್ಣಿನ ಹಿಂಪರದೆಯನ್ನೂ (ರೆಟಿನಾ) ಡಾಕ್ಟರ್‌ಗೆ ತೋರಿಸಿ. ಶುಗರ್‌ನಿಂದ ಅಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ಉಸಿರು ಕಟ್ಟಿ ಭಾರ ಎತ್ತಿದಾಗ ರಕ್ತ ಒಸರಬಹುದು. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ನೋಡಿದ ಮೇಲೆ ಮೊಟ್ಟೆ, ಬೇಳೆ, ಮೊಸರು ಎಷ್ಟು ಅಂತ ಹೇಳುತ್ತೇನೆ.

ಬೊರಿವಲಿ ಹಿರಿಯರು: ಇಷ್ಟೆಲ್ಲ ಯಾಕೆ ಮಾರಾಯ್ರೆ? ಫಾರ್ವರ್ಡ್ ಹಾಕಿದ್ದೇನೆ ನೋಡಿ. ಮೆಂತ್ಯ ನೆನೆಸಿದ ನೀರು 21 ದಿನ ಕುಡಿದರೆ ಶುಗರ್ ಮಾತ್ರೆಯೇ ಬೇಡ, ತೂಕವೂ ತಾನಾಗಿ ಇಳಿಯುತ್ತದಂತೆ.

ಫಿಸಿಯೋ: ಸರ್, ಅದನ್ನು ಅಳಿಸಿ. ಮೆಂತ್ಯ ತಿನ್ನಬೇಡಿ ಅಂತ ಯಾರೂ ಹೇಳಿಲ್ಲ. ಮಾತ್ರೆ ಬೇಡ ಅನ್ನುವ ಆ ಒಂದು ಸಾಲು ಓದಿ ಯಾರೋ ಒಬ್ಬರು ಮಾತ್ರೆ ಬಿಡುತ್ತಾರೆ. ಆಮೇಲೆ ಆಸ್ಪತ್ರೆಯಲ್ಲಿ ನಿಲ್ಲುವುದು ಅವರ ಮಕ್ಕಳು.

ಬೊರಿವಲಿ ಹಿರಿಯರು: ನಮ್ಮ ಹಿರಿಯರು ದಡ್ಡರಾ ಹಾಗಾದರೆ?

ಹಿಂಜವಡಿ ಸದಸ್ಯ: ಮೇಡಂ, ತೂಕ ಇಳಿಯಲು ವಾರದ ಇಂಜೆಕ್ಷನ್, ಸೆಮಾಗ್ಲುಟೈಡ್, ಡಾಕ್ಟರ್ ಬರೆದಿದ್ದಾರೆ. ಅದು ಮುಗಿದ ಮೇಲೆ ಜಿಮ್ ಸೇರಲಾ?

ಫಿಸಿಯೋ: ಇಂಜೆಕ್ಷನ್ ಜೊತೆಗೇ ಸೇರಿ. ಅದರಲ್ಲಿ ಹಸಿವು ಕಡಿಮೆಯಾಗುತ್ತದೆ, ಪ್ರೋಟೀನ್ ಕಡಿಮೆ ಬೀಳುತ್ತದೆ, ಸ್ನಾಯುವೂ ಹೋಗುತ್ತದೆ. ನೀವಂತೂ ಕಾಯಲೇಬಾರದು.

ಕೋಥ್ರೂಡ್ ಸದಸ್ಯ: ಬೇಳೆ ಸಾರಿನಲ್ಲಿ ಪ್ರೋಟೀನ್ ಎಲ್ಲಿ ಸಾಕಾಗುತ್ತೆ? ಎಲ್ಲರೂ ವೇ ಪೌಡರ್ ತಗೊಳ್ಳಿ.

ಮಾಟುಂಗಾ ಸದಸ್ಯ: ಪೌಡರ್ ತಿಂದರೆ ಕಿಡ್ನಿ ಹೋಗುತ್ತೆ. ಹುಡುಗರಿಗೆ ಹೇಳಿದರೆ ಕೇಳಲ್ಲ.

ಕೋಥ್ರೂಡ್ ಸದಸ್ಯ: ಅಣ್ಣ, ಅದು ಹಾಲಿನಿಂದಲೇ ಬರುವುದು. ಹಾಲು ಕುಡಿದು ಯಾರ ಕಿಡ್ನಿ ಹೋಗಿದೆ?

ಮಡಗಾಂವ್ ಸದಸ್ಯ: ಹರ್ನಿಯಾ ಆಪರೇಷನ್ ಆಗಿ ಆರು ತಿಂಗಳು. ಭಾರ ಎತ್ತಬಹುದಾ ಮೇಡಂ?

ಮಾಟುಂಗಾ ಸದಸ್ಯ: ನೀನು ಪೌಡರ್ ಮಾರುವವನಾ? ಮೊನ್ನೆಯೂ ಇದೇ ಹೇಳಿದೆ.

ಕೋಥ್ರೂಡ್ ಸದಸ್ಯ: ಮಾತು ಸರಿಯಾಗಿ ಆಡಿ. ದೊಡ್ಡವರು ಅಂತ ಸುಮ್ಮನಿದ್ದೇನೆ.

ಡೊಂಬಿವಲಿ ಸದಸ್ಯೆ: ಮೇಡಂ, ಈಗ ತಾನೇ ಅಪ್ಪನ ಶುಗರ್ ನೋಡಿದೆ, 62 ಬಂತು. ಕೈ ನಡುಗುತ್ತಿದೆ.

ಮಾಟುಂಗಾ ಸದಸ್ಯ: ಸುಮ್ಮನಿರದೆ ಏನು ಮಾಡುತ್ತೀಯ?

ಅಂಧೇರಿ ಸದಸ್ಯ: ಎಲ್ಲ ಓದಲು ಆಗಲಿಲ್ಲ. ಮೊದಲು ತೂಕ ಇಳಿಸಬೇಕಾ, ಜಿಮ್ ಸೇರಬೇಕಾ?

ಫಿಸಿಯೋ: ಅಂಧೇರಿ, ಮೇಲೆ ಓದಿ. ನೀವಿಬ್ಬರೂ ಜಗಳ ನಿಲ್ಲಿಸಿ, ಡೊಂಬಿವಲಿಯವರ ಮೆಸೇಜ್ ನಡುವೆ ಹೂತು ಹೋಗುತ್ತಿತ್ತು. ಕಿಡ್ನಿ ಕಾಯಿಲೆ ಇದ್ದವರು ಡಾಕ್ಟರ್ ಕೇಳದೆ ಪೌಡರ್ ಮುಟ್ಟಬಾರದು, ಅಷ್ಟೇ.

ಡೊಂಬಿವಲಿ, ಮೂರು ಚಿಕ್ಕ ಚಮಚ ಸಕ್ಕರೆ ನೀರಿಗೆ ಹಾಕಿ ಈಗಲೇ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಅನ್ನವೋ ಚಪಾತಿಯೋ ತಿನ್ನಿಸಿ. ಮಂಪರು ಬಂದರೆ ಬಾಯಿಗೆ ಏನೂ ಹಾಕಬೇಡಿ, 108. ಗ್ಲಿಮೆಪಿರೈಡ್ ಮಾತ್ರೆಯಲ್ಲಿ ಶುಗರ್ ಒಮ್ಮೆ ಏರಿ ಮತ್ತೆ ಇಳಿಯಬಹುದು, ಅದಕ್ಕೇ ಇವತ್ತು ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಮಾತ್ರೆ ಚೀಟಿ ಜೊತೆಗಿರಲಿ. ಎದೆ ಬಿಗಿತದ ವಿಷಯವನ್ನೂ ಅಲ್ಲೇ ಹೇಳಿಬಿಡಿ.