ಹಿತ್ತಲಲ್ಲಿ ಜೇನು ಕಟ್ಟಿದೆ, ಏನು ಮಾಡೋಣ?

ಪ್ರಶ್ನೆ, ಕಲಬುರಗಿಯಿಂದ

ನಾವು ಸೇಡಂ ರಸ್ತೆ ಕಡೆ ಹೊಸ ಮನೆಗೆ ಬಂದು ಎರಡು ವರ್ಷ ಆಯಿತು. ಹಿಂದೆ ಸಣ್ಣ ಹಿತ್ತಲಿದೆ. ಒಂದು ನುಗ್ಗೆ, ಒಂದು ನಿಂಬೆ, ನಾಲ್ಕು ಬದನೆ ಗಿಡ, ಒಂದು ಕುಂಬಳ ಬಳ್ಳಿ. ಹದಿನೈದು ದಿನದ ಹಿಂದೆ ನಿಂಬೆ ಗಿಡದ ಕೊಂಬೆಗೆ ಅಂಗೈಯಷ್ಟು ಜೇನು ಹುಟ್ಟು ಕಟ್ಟಿದೆ. ನನ್ನ ಎದೆಯ ಎತ್ತರದಲ್ಲೇ ಇದೆ. ಮಗಳಿಗೆ ಆರು ವರ್ಷ, ಅಲ್ಲೇ ಆಡುತ್ತಾಳೆ. ಪಕ್ಕದ ಮನೆಯವರು ರಾತ್ರಿ ಬೆಂಕಿ ಹಿಡಿದು ಸುಟ್ಟುಬಿಡಿ ಅನ್ನುತ್ತಾರೆ. ಅತ್ತೆಯವರು ಜೇನು ಮನೆಗೆ ಬಂದರೆ ಒಳ್ಳೇದು, ಕೈ ಹಚ್ಚಬೇಡಿ ಅನ್ನುತ್ತಾರೆ. ಮನೆಯವರು ಔಷಧಿ ಹೊಡೆಯೋಣ ಅಂತಿದ್ದಾರೆ. ಜೇನಿನ ಜೊತೆಗೇ ಇದ್ದವರು ಯಾರಾದರೂ ಇದ್ದರೆ ನಿಮ್ಮ ಅನುಭವ ಹೇಳಿ.

ಉತ್ತರ, ಕಲಬುರಗಿಯಿಂದಲೇ

ತಂಗಿ, ಸುಡಬೇಡಿ. ಔಷಧಿಯನ್ನೂ ಹೊಡೆಯಬೇಡಿ. ಅದು ಯಾವ ಜೇನು ಅಂತ ಮೊದಲು ನೋಡಿ. ಎಲ್ಲಾ ಜೇನು ಒಂದೇ ಅಲ್ಲ, ಹೆದರಿಕೆಯೂ ಒಂದೇ ಅಳತೆಯಲ್ಲಿ ಬೇಡ.

ನೀವು ಹೇಳಿದ ಹಾಗೆ ಇದ್ದರೆ ಅದು ಕಡ್ಡಿ ಜೇನು. ಕೋಲು ಜೇನು ಅಂತಲೂ ಕರೆಯುತ್ತಾರೆ. ತೆಳ್ಳನೆ ಕೊಂಬೆಯನ್ನು ತಬ್ಬಿಕೊಂಡು ಒಂದೇ ಒಂದು ಹುಟ್ಟು ಬಯಲಲ್ಲೇ ತೂಗುತ್ತಿರುತ್ತದೆ. ಹುಳ ಸಣ್ಣದು. ಹೊಟ್ಟೆಯ ಮುಂದಿನ ಭಾಗ ಕೆಂಪು, ಹಿಂದೆ ಕಪ್ಪು ಬಿಳಿ ಪಟ್ಟೆ. ತುಡುವೆ ಜೇನು ಮರದ ಪೊಟರೆ, ಗೋಡೆಯ ಸಂದು ಹುಡುಕಿಕೊಂಡು ಒಳಗೆ ಕಟ್ಟುತ್ತದೆ. ಹೆಜ್ಜೇನು ಎತ್ತರದ ಮರಕ್ಕೋ ದೊಡ್ಡ ಕಟ್ಟಡದ ಛಜ್ಜಾ ಕೆಳಗೋ ನೇತಾಡುತ್ತದೆ, ಅದರ ಹುಟ್ಟು ಮೊರಕ್ಕಿಂತ ದೊಡ್ಡದು. ನಿಜವಾಗಿ ಹೆದರಬೇಕಾದದ್ದು ಅದಕ್ಕೆ.

ನಮ್ಮ ಮನೆಯ ದಾಸವಾಳದ ಪೊದೆಯಲ್ಲಿ ಕಡ್ಡಿ ಜೇನು ಕಟ್ಟುತ್ತಾ ಹನ್ನೊಂದು ವರ್ಷ ಆಯಿತು. ವರ್ಷವಿಡೀ ಇರುವುದಿಲ್ಲ. ಬರುತ್ತವೆ, ಕೆಲವು ತಿಂಗಳು ಇರುತ್ತವೆ, ಒಂದು ದಿನ ಎದ್ದು ಹೋಗುತ್ತವೆ. ಹತ್ತಿರದಲ್ಲೇ ಜಾಗ ಬದಲಿಸಿದ್ದರೆ ಹಳೆ ಹುಟ್ಟಿಗೆ ಮತ್ತೆ ಬಂದು ಮೇಣ ಕೆರೆದು ಹೊತ್ತುಕೊಂಡು ಹೋಗುತ್ತವೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಮೂರೇ ಸಲ ಕಡಿದಿವೆ. ಒಮ್ಮೆ ಕಸಬರಿಗೆ ಕೊಂಬೆಗೆ ತಾಗಿತ್ತು. ಒಮ್ಮೆ ಹೂ ಕೀಳುವಾಗ ಹುಳ ಬೆರಳ ಸಂದಿಗೆ ಸಿಕ್ಕಿತು. ಇನ್ನೊಮ್ಮೆ ಮೊಮ್ಮಗ ಕಲ್ಲು ಒಗೆದಿದ್ದ. ಸುಮ್ನೆ ಬಂದು ಕಡಿದದ್ದು ಒಂದು ಸಲವೂ ಇಲ್ಲ.

ಅವು ಮೊದಲೇ ಎಚ್ಚರಿಸುತ್ತವೆ. ತೀರಾ ಹತ್ತಿರ ಹೋದರೆ ಹುಟ್ಟಿನ ಮೇಲಿನ ಹುಳಗಳೆಲ್ಲ ಒಟ್ಟಿಗೆ ಮೈ ಅಲುಗಿಸಿ ಸರ್ರ್ ಅಂತ ಸದ್ದು ಮಾಡುತ್ತವೆ. ಅದು ಕೇಳಿದರೆ ಕೈ ಬೀಸದೆ, ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಬನ್ನಿ. ಸಾಕು.

ನೀವು ಮಾಡಬೇಕಾದದ್ದು ಇಷ್ಟೇ. ನಿಂಬೆ ಗಿಡದಿಂದ ಆರು ಅಡಿ ಬಿಟ್ಟು ಒಂದು ಹಗ್ಗ ಕಟ್ಟಿ. ಅದರ ಆಚೆ ಹೋಗಬಾರದು ಅಂತ ಮಗಳಿಗೆ ತೋರಿಸಿ, ಯಾಕೆ ಅಂತಲೂ ಹೇಳಿ. ಬಟ್ಟೆ ಒಣಹಾಕುವ ತಂತಿ ಆ ಕಡೆ ಇದ್ದರೆ ಈ ಕಡೆಗೆ ತನ್ನಿ. ಆ ಗಿಡದ ಕೆಳಗೆ ಕಸ ಸುಡಬೇಡಿ. ಹುಟ್ಟಿನ ಮೇಲಿರುವ ಎಲೆ ಕತ್ತರಿಸಬೇಡಿ, ಅವಕ್ಕೆ ಆ ನೆರಳು ಬೇಕು. ಹುಟ್ಟಿನ ಎರಡೂ ಕಡೆ ಕೊಂಬೆಗೆ ಅಂಟು ಬಳಿದ ಹಾಗೆ ಕಾಣಿಸಿದರೆ ರೋಗ ಅಂತ ಒರೆಸಬೇಡಿ. ಇರುವೆ ಹತ್ತದಿರಲಿ ಅಂತ ಅವೇ ಹಾಕಿಕೊಂಡ ಬೇಲಿ ಅದು. ನಾನು ಮೊದಲ ವರ್ಷ ಹಳೆ ಬಟ್ಟೆಯಿಂದ ಒರೆಸಿಬಿಟ್ಟಿದ್ದೆ. ಎರಡನೇ ದಿನಕ್ಕೇ ಇರುವೆ ಸಾಲು ಏರಿತ್ತು. ಈಗಲೂ ಬೇಜಾರಾಗುತ್ತದೆ.

ನೀರಿನ ಮಾತು ಬಹಳ ಮುಖ್ಯ. ನಮ್ಮಲ್ಲಿ ಶರಣಬಸವೇಶ್ವರ ಜಾತ್ರೆ ಹೊತ್ತಿಗೇ ಬಿಸಿಲು ಏರುತ್ತದೆ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಆಗ ಜೇನು ಹೂವಿಗಿಂತ ಜಾಸ್ತಿ ನೀರಿಗೇ ಓಡಾಡುತ್ತದೆ. ಹುಟ್ಟಿನ ಮೇಲೆ ನೀರಿನ ಹನಿ ಹರಡಿ, ರೆಕ್ಕೆ ಬೀಸಿ ತಂಪು ಮಾಡುತ್ತದೆ. ನಾವು ಕೂಲರ್‌ನಲ್ಲಿ ಮಾಡುವುದೂ ಅದೇ ಅಲ್ವಾ? ಅದಕ್ಕೇ ಬೇಸಿಗೆಯಲ್ಲಿ ಕೂಲರ್‌ನ ಒದ್ದೆ ಹುಲ್ಲಿಗೆ, ನಲ್ಲಿ ಬುಡಕ್ಕೆ ಜೇನು ಮುತ್ತುವುದು. ಕೂಲರ್ ಹಚ್ಚುವ ಮೊದಲೇ, ಈಗಲೇ ನೀರಿಡಿ. ಒಮ್ಮೆ ಒಂದು ಜಾಗ ರೂಢಿಯಾದರೆ ಅಲ್ಲಿಗೇ ಬರುತ್ತವೆ. ನಾನು ಗೋಡೆ ನೆರಳಲ್ಲಿ ಶಹಾಬಾದ್ ಫರಸಿಯ ತುಂಡು ಹಾಕಿ, ಅದರ ಮೇಲೆ ಮಣ್ಣಿನ ತಾಟು ಇಟ್ಟಿದ್ದೇನೆ. ತಾಟಿನ ತುಂಬಾ ಹರಳುಕಲ್ಲು, ಕಲ್ಲಿನ ತಲೆ ನೀರಿನ ಮೇಲೆ ಇರಬೇಕು. ಇಲ್ಲದಿದ್ದರೆ ಹುಳ ಮುಳುಗಿ ಸಾಯುತ್ತವೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬೇರೆ ಹಾಕಿ, ಸೊಳ್ಳೆ ಮರಿ ಆಗಬಾರದು.

ಔಷಧಿ ಯಾಕೆ ಬೇಡ ಅಂದೆ ಅಂದರೆ, ಐದು ವರ್ಷದ ಹಿಂದೆ ಅವರೆ ಬಳ್ಳಿಗೆ ಹೇನು ಬಿದ್ದಿತ್ತು. ಅಂಗಡಿಯಿಂದ ತಂದದ್ದನ್ನು ಬೆಳಿಗ್ಗೆ ಒಂಬತ್ತಕ್ಕೆ, ಹೂ ಇರುವಾಗಲೇ ಹೊಡೆದೆ. ಸಂಜೆ ಕಸ ಗುಡಿಸುವಾಗ ದಾಸವಾಳದ ಕೆಳಗೆ ಹಿಡಿಯಷ್ಟು ಹುಳ ಸತ್ತು ಬಿದ್ದಿದ್ದವು. ಉಳಿದವು ವಾರದಲ್ಲಿ ಬಿಟ್ಟು ಹೋದವು. ಆ ವರ್ಷ ಕುಂಬಳ ಪೀಚು ಎಲ್ಲಾ ಹಳದಿಯಾಗಿ ಉದುರಿತು. ಕುಂಬಳಕ್ಕೆ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬೆಳಿಗ್ಗೆ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಪರಾಗ ಮುಟ್ಟಿಸಲು ಜೇನು ಬೇಕು. ಇಲ್ಲವಾದರೆ ನೀವೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರುತ್ತಾ ಕೂರಬೇಕು. ನಾನು ಆ ವರ್ಷ ಹಾಗೇ ಮಾಡಿದೆ.

ಉತ್ತರ, ಬೀದರ್‌ನಿಂದ

ಅಕ್ಕಾ, ಸುಡುವ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಹೆಜ್ಜೇನಿನ ಅನುಭವ.

ನಮ್ಮ ಓಣಿಯ ಮೂರಂತಸ್ತಿನ ಕಟ್ಟಡದ ಟ್ಯಾಂಕ್ ಕೆಳಗೆ ಹೆಜ್ಜೇನು ಕಟ್ಟಿತ್ತು. ಯಾರನ್ನೋ ಕರೆಸಿ ರಾತ್ರಿ ಪಂಜು ಹಿಡಿಸಿದರು. ಅರ್ಧ ಹುಳ ಸತ್ತವು, ಅರ್ಧ ಕತ್ತಲಲ್ಲಿ ಚದುರಿ ಅಲ್ಲಲ್ಲೇ ಕೂತವು. ಬೆಳಿಗ್ಗೆ ಹಾಲಿಗೆ ಹೋದವರ ಮೇಲೆ ಎರಗಿದವು. ನಮ್ಮ ಕಾಕಾಗೆ ಮೂವತ್ತಕ್ಕೂ ಹೆಚ್ಚು ಕಡೆ ಕಡಿದು ಎರಡು ದಿನ ಆಸ್ಪತ್ರೆಯಲ್ಲಿದ್ದರು. ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಜೇನು ಬಂತು. ಆಗ ಯಾರೂ ಮುಟ್ಟಲಿಲ್ಲ. ಟೆರೇಸ್ ಬಾಗಿಲಿಗೆ ಬೀಗ ಹಾಕಿದೆವು, ಅಲ್ಲಿನ ಲೈಟ್ ಬಲ್ಬ್ ತೆಗೆದೆವು. ಹೆಜ್ಜೇನು ರಾತ್ರಿ ಬೆಳಕಿಗೆ ಬರುತ್ತದೆ, ಅದಕ್ಕೇ. ಮಳೆಗಾಲ ಹಿಡಿಯುವಷ್ಟರಲ್ಲಿ ತಾವಾಗೇ ಹೋದವು. ಅವು ಊರೂರು ತಿರುಗುವ ಜೇನು. ಶಾಲೆ, ಆಸ್ಪತ್ರೆಯಂಥ ಜಾಗದಲ್ಲಿ ಕಟ್ಟಿದರೆ ಕಾಯಲು ಆಗುವುದಿಲ್ಲ, ಅಲ್ಲಿ ಗೊತ್ತಿರುವವರನ್ನೇ ಕರೆಸಬೇಕು.

ಎಲ್ಲಾದರೂ ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ನೇರ ಓಡಿ, ಮನೆಯೊಳಗೋ ಗಾಡಿಯೊಳಗೋ ಹೋಗಿ ಬಾಗಿಲು ಹಾಕಿಕೊಳ್ಳಿ. ನೀರಿಗೆ ಹಾರಿದರೆ ಪ್ರಯೋಜನವಿಲ್ಲ, ತಲೆ ಎತ್ತುವವರೆಗೂ ಮೇಲೇ ಸುತ್ತುತ್ತವೆ. ಕಡಿದ ಜೇನನ್ನು ಅಲ್ಲೇ ಹೊಸಕಬೇಡಿ. ಅದರಿಂದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ, ಉಳಿದವನ್ನು ಕರೆಯುವುದು ಅದೇ. ಮುಳ್ಳನ್ನು ಉಗುರಿನಿಂದಾದರೂ ತಕ್ಷಣ ತೆಗೆಯಿರಿ, ತಡ ಮಾಡಿದಷ್ಟೂ ವಿಷ ಇಳಿಯುತ್ತದೆ. ಸೋಪು ನೀರಲ್ಲಿ ತೊಳೆದು ಐಸ್ ಇಡಿ. ಒಂದೇ ಜೇನು ಕಡಿದಿದ್ದರೂ ಉಸಿರು ಕಟ್ಟಿದರೆ, ತುಟಿ ನಾಲಿಗೆ ಬಾತರೆ, ಮೈತುಂಬಾ ದದ್ದು ಎದ್ದರೆ, ತಲೆ ಸುತ್ತಿದರೆ ಮನೆಮದ್ದು ಅಂತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ತುಂಬಾ ಕಡೆ ಕಡಿದಿದ್ದರೆ, ಆರಾಮಾಗಿ ಇದ್ದೇನೆ ಅನ್ನಿಸಿದರೂ ಹೋಗಲೇಬೇಕು.

ಇನ್ನೊಂದು. ನಿಮ್ಮ ಬದನೆ ಹೂವಿಗೆ ದಪ್ಪ ಕಪ್ಪು ದುಂಬಿ ಬರುತ್ತಿರಬಹುದು. ಅದನ್ನೂ ಓಡಿಸಬೇಡಿ. ಬದನೆಯ ಪರಾಗ ಸಣ್ಣ ಕೊಳವೆಯೊಳಗೆ ಇರುತ್ತದೆ. ಆ ದುಂಬಿ ಹೂ ಹಿಡಿದು ಗುಂಯ್ ಅಂತ ಮೈ ನಡುಗಿಸಿ ಉದುರಿಸುತ್ತದೆ. ಜೇನಿಗೆ ಆ ವಿದ್ಯೆ ಬರುವುದಿಲ್ಲ.

ಉತ್ತರ, ಯಾದಗಿರಿ ಹತ್ತಿರದ ಹಳ್ಳಿಯಿಂದ

ನಾವು ತೊಗರಿ ಬೆಳೆಯುವವರು. ದಸರಾ ದೀಪಾವಳಿ ಹೊತ್ತಿಗೆ ಹೊಲ ಹಳದಿಯಾಗಿ ಜೇನು ತುಂಬಿರುತ್ತದೆ, ಅದೇ ಹೊತ್ತಿಗೆ ಕಾಯಿಕೊರಕ ಕೀಡೆಯೂ ಬೀಳುತ್ತದೆ. ಏನೂ ಹೊಡೆಯಬೇಡಿ ಅಂತ ರೈತನಿಗೆ ಹೇಳಲು ಆಗುವುದಿಲ್ಲ, ನನಗೂ ಗೊತ್ತು. ಆದರೆ ಹೊಡೆಯುವ ಹೊತ್ತು ನಮ್ಮ ಕೈಯಲ್ಲಿದೆ. ನಾವು ಹೊತ್ತು ಮುಳುಗಿದ ಮೇಲೆ, ಜೇನು ಹೊಲ ಬಿಟ್ಟ ಮೇಲೆಯೇ ಪಂಪು ಎತ್ತುತ್ತೇವೆ. ಸ್ವಲ್ಪ ಜಾಗ ಇದ್ದರೆ ನಮ್ಮ ಹಿರಿಯರ ಹಾಗೆ ಕೆಳಗೆ ಚಾದರ ಹಾಸಿ, ಗಿಡ ಅಲುಗಿಸಿ ಕೀಡೆ ಉದುರಿಸುತ್ತೇವೆ. ಹಿತ್ತಲಿಗೆ ಇದೇ ಸಾಕು.

ಹುಟ್ಟಿನ ತುಪ್ಪಕ್ಕೆ ಆಸೆ ಪಡಬೇಡಿ ಅಕ್ಕಾ. ಕಡ್ಡಿ ಜೇನಿನಲ್ಲಿ ಸಿಗುವುದು ಸ್ವಲ್ಪವೇ, ಕೊಯ್ದರೆ ಅವು ಬಿಟ್ಟು ಹೋಗುತ್ತವೆ. ಮನೆಯಲ್ಲಿ ವರ್ಷ ತುಂಬದ ಕೂಸಿದ್ದರೆ ಯಾವ ಜೇನುತುಪ್ಪವನ್ನೂ ನೆಕ್ಕಿಸಬೇಡಿ, ಡಾಕ್ಟರೂ ಬೇಡ ಅನ್ನುತ್ತಾರೆ.

ನಿಮ್ಮ ಮಗಳಿಗೆ ಒಂದು ತೋರಿಸಿ. ಹುಟ್ಟು ಕೊಂಬೆಯ ಮೇಲೆ ಅಗಲವಾಗಿ ಕೂತಿರುತ್ತದಲ್ಲ, ಆ ಮೇಲ್ಭಾಗ ಅವುಗಳ ಅಂಗಳ. ಹೂ ಕಂಡು ಬಂದ ಜೇನು ಅಲ್ಲಿ ಹಿಂಭಾಗ ಅಲುಗಿಸುತ್ತಾ ಕುಣಿಯುತ್ತದೆ. ಮುಖ ಹೂವಿರುವ ದಿಕ್ಕಿಗೇ ಇರುತ್ತದೆ. ತುಡುವೆ ಜೇನು ಕತ್ತಲಲ್ಲಿ ನಿಂತ ಹುಟ್ಟಿನ ಮೇಲೆ ಕುಣಿಯುವುದರಿಂದ ಹೀಗೆ ನೇರ ತೋರಿಸಲು ಆಗುವುದಿಲ್ಲ. ಜೇನಿನ ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂದಿತ್ತು. ಹಗ್ಗದ ಈಚೆ ನಿಂತರೂ ಕಾಣುತ್ತದೆ.

ಕೇಳಿದವರಿಂದ, ನಾಲ್ಕು ದಿನದ ನಂತರ

ಎಲ್ಲರಿಗೂ ಶರಣು. ಹೊಟ್ಟೆಯ ಕೆಂಪು ನೋಡಿದೆವು, ಕಡ್ಡಿ ಜೇನೇ. ಹಗ್ಗ ಕಟ್ಟಿದ್ದೇವೆ. ತಂತಿಯನ್ನು ಮನೆಯವರೇ ಬಿಚ್ಚಿ ಈ ಕಡೆ ಹಾಕಿದರು. ಪಕ್ಕದ ಮನೆಯವರನ್ನು ಕರೆದು ಹುಟ್ಟು ತೋರಿಸಿ, ಬೀದರ್ ಅಣ್ಣನವರು ಬರೆದದ್ದನ್ನು ಓದಿ ಹೇಳಿದೆ. ಅವರಿಗೆ ಇನ್ನೂ ಪೂರ್ತಿ ಧೈರ್ಯ ಬಂದಿಲ್ಲ, ಆದರೆ ಸುಡುವ ಮಾತು ಬಿಟ್ಟಿದ್ದಾರೆ. ತಾಟು ಇಟ್ಟ ಮೂರನೇ ದಿನ ಎರಡು ಹುಳ ಬಂದು ಕಲ್ಲಿನ ಮೇಲೆ ಕೂತು ನೀರು ಕುಡಿದವು. ಮಗಳು ಹಗ್ಗದ ಈಚೆ ಮಣೆ ಹಾಕಿಕೊಂಡು ಕೂತಿದ್ದಾಳೆ. ಕುಣಿಯುವ ಜೇನು ನುಗ್ಗೆ ಕಡೆ ಮುಖ ಮಾಡಿದೆಯಂತೆ.